ಕಣ್ಣು ಮುಚ್ಚಿದರೆ ನನಗೆ ಏನೂ ಕಾಣುವುದಿಲ್ಲ. ಹಾಗಾದರೆ ನಾನು ಯೋಚಿಸುವುದು ಹೇಗೆ, ಎಐ ಯೋಚಿಸುವುದು ಹೇಗೆ?

ಖಾಲಿ_ಸ್ಲೇಟು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಶಿವಮೊಗ್ಗದಲ್ಲಿ ಮನೆ ಪ್ಲಾನ್ ಹಾಕಿಕೊಡುವ ಕೆಲಸ ಮಾಡುತ್ತೇನೆ, ಹದಿನೆಂಟು ವರ್ಷ ಆಯಿತು. ಮೊನ್ನೆ ಎಂಟನೇ ಕ್ಲಾಸಿನ ಮಗಳು ಎಲ್ಲೋ ನೋಡಿಕೊಂಡು ಬಂದು "ಅಪ್ಪಾ, ಕಣ್ಣು ಮುಚ್ಚಿ ಒಂದು ಸೇಬು ನೆನೆಸಿಕೋ, ಏನು ಕಾಣುತ್ತೆ ಹೇಳು" ಅಂದಳು. ಕತ್ತಲು ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಅವಳಿಗೆ ಕೆಂಪು ಸೇಬು, ಅದರ ಮೇಲೆ ಅಂಟಿಸಿರುವ ಸ್ಟಿಕ್ಕರ್ ಸಮೇತ ಕಾಣುತ್ತದಂತೆ. ಹೆಂಡತಿಯನ್ನು ಕೇಳಿದೆ, ಅವಳಿಗೂ ಕಾಣುತ್ತದೆ. ನನಗೆ ಸೇಬು ಕೆಂಪಗಿರುತ್ತದೆ, ತೊಟ್ಟಿನ ಹತ್ತಿರ ಸಣ್ಣ ಗುಳಿ ಇರುತ್ತದೆ ಅಂತ ಗೊತ್ತು. ಆದರೆ ಕಾಣುವುದು ಅಂತ ಏನೂ ಇಲ್ಲ. "ಕಣ್ಣಿಗೆ ಕಟ್ಟಿದ ಹಾಗೆ" ಅನ್ನುತ್ತಾರಲ್ಲ, ಅದು ಸುಮ್ನೆ ಮಾತಿನ ಚಂದಕ್ಕೆ ಹೇಳುವುದು ಅಂತ ನಲವತ್ಮೂರು ವರ್ಷ ನಂಬಿಕೊಂಡಿದ್ದೆ. ಜನರಿಗೆ ನಿಜವಾಗಿಯೂ ಕಟ್ಟುತ್ತದಾ?

ಅಮ್ಮ ಹೋಗಿ ಆರು ವರ್ಷ. ಹೆಂಡತಿ ಹೇಳುತ್ತಾಳೆ, ಅತ್ತೆ ಗೃಹಪ್ರವೇಶದ ದಿನ ಹಸಿರು ಸೀರೆ ಉಟ್ಟು ಹೊಸಿಲ ಹತ್ತಿರ ನಿಂತಿದ್ದು ಈಗಲೂ ಕಣ್ಣ ಮುಂದೆ ಬರುತ್ತದೆ ಅಂತ. ನನಗೆ ಅಮ್ಮನ ಬಗ್ಗೆ ಎಲ್ಲ ಗೊತ್ತು, ಮುಖ ಮಾತ್ರ ಬರುವುದಿಲ್ಲ. ಇದನ್ನು ಕೇಳಿದ ಮೇಲೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ವಿಚಿತ್ರ ಅಂದರೆ ಕೆಲಸಕ್ಕೆ ಇದರಿಂದ ಏನೂ ತೊಂದರೆ ಆಗಿಲ್ಲ. ಪ್ಲಾನ್ ನೋಡಿದ ತಕ್ಷಣ, ಮೆಟ್ಟಿಲು ತಿರುಗುವ ಜಾಗದಲ್ಲಿ ಬೀಮ್ ತಲೆಗೆ ತಾಗುತ್ತದೆ ಅಂತ ಹೇಳಬಲ್ಲೆ. ಇದೇ ವಾರ ಆಫೀಸಿನಲ್ಲಿ ಹುಡುಗನೊಬ್ಬ ಎಐ ಬಗ್ಗೆ ಮಾತಾಡುತ್ತಾ "ಅದಕ್ಕೆ ತಲೆಯೊಳಗೆ ಚಿತ್ರ ಇಲ್ಲ ಸರ್, ಬರೀ ಪದದ ಪಕ್ಕ ಪದ ಇಡುತ್ತೆ, ಅದನ್ನ ಯೋಚನೆ ಅನ್ನೋಕೆ ಆಗಲ್ಲ" ಅಂದ. ನನ್ನ ತಲೆಯೊಳಗೂ ಚಿತ್ರ ಇಲ್ಲ ಕಣಪ್ಪಾ ಅನ್ನೋಣ ಅಂತ ಬಾಯಿಗೆ ಬಂತು, ನುಂಗಿಕೊಂಡೆ.

ಹಾಗಾಗಿ ಕೇಳುತ್ತಿದ್ದೇನೆ. ಯೋಚನೆಗೆ ಚಿತ್ರ ಬೇಕೇ ಬೇಕಾ? ಆ ಎಐ ಚಿತ್ರ ಬರೆದುಕೊಡುತ್ತದಲ್ಲ, ಅದಕ್ಕೆ ಒಳಗೆ ಏನಾದರೂ ಕಾಣುತ್ತದಾ?

ಸಿಡುಕಪ್ಪ

ಎಲ್ಲರಿಗೂ ಕಾಣುವುದು ಒಂದೇ, ಹೇಳುವ ರೀತಿ ಬೇರೆ ಅಷ್ಟೇ. ನಿಮ್ಮ ಮಗಳು "ಕಾಣುತ್ತೆ" ಅನ್ನುವುದನ್ನೇ ನೀವು "ಗೊತ್ತು" ಅನ್ನುತ್ತೀರಿ. ಈಗ ಪ್ರತಿಯೊಂದಕ್ಕೂ ಒಂದು ಹೆಸರಿಟ್ಟು ಹಣೆಪಟ್ಟಿ ಹಚ್ಚುವ ಹುಚ್ಚು ಜಾಸ್ತಿ ಆಗಿದೆ. ನೀರು ಕುಡಿದು ಮಲಗಿ.

ಪಾಠದ_ಮೇಷ್ಟ್ರು

ಸಿಡುಕಪ್ಪನವರೇ, ನೀವು ಹೇಳಿದ್ದು ದಡ್ಡ ಮಾತೇನಲ್ಲ, ಎಷ್ಟೋ ಜನ ಮನಶ್ಶಾಸ್ತ್ರಜ್ಞರು ಇದೇ ಅನುಮಾನ ಇಟ್ಟುಕೊಂಡಿದ್ದರು. ಅದಕ್ಕೆ ಆಮೇಲೆ ಬರುತ್ತೇನೆ.

ಖಾಲಿ ಸ್ಲೇಟು ಅವರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ಇದು ಕಾಯಿಲೆ ಅಲ್ಲ. ಇದಕ್ಕೆ ಅಫ್ಯಾಂಟೇಸಿಯಾ ಅನ್ನುತ್ತಾರೆ. ಹೆಸರಿಟ್ಟವರು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ನರವೈದ್ಯ ಆಡಮ್ ಝೀಮನ್, 2015ರಲ್ಲಿ. ಆದರೆ ವಿಷಯ ಹಳೆಯದು. 1880ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ "ಇವತ್ತು ಬೆಳಿಗ್ಗೆ ತಿಂಡಿ ತಿಂದ ಮೇಜನ್ನು ನೆನೆಸಿಕೊಳ್ಳಿ, ಎಷ್ಟು ಬೆಳಕಾಗಿ ಕಾಣುತ್ತದೆ, ಬಣ್ಣ ಇದೆಯಾ" ಅಂತ ಪ್ರಶ್ನೆಪಟ್ಟಿ ಹಂಚಿದ್ದ. ಅವನು ಬರೆದುಕೊಂಡಿರುವ ಪ್ರಕಾರ, ಮೊದಲು ಕೇಳಿದ ವಿಜ್ಞಾನಿಗಳಲ್ಲಿ ಹಲವರು ಮನಸ್ಸಿನ ಕಣ್ಣು ಅನ್ನುವುದೇ ಒಂದು ಮಾತಿನ ಅಲಂಕಾರ ಅಂದುಕೊಂಡಿದ್ದರು. ನೀವು ಅಂದುಕೊಂಡ ಹಾಗೆಯೇ.

ನಿಮಗೆ ಇಷ್ಟವಾಗುವ ಒಂದು ಸಂಗತಿ ಇದೆ. ಝೀಮನ್ ಈ ದಾರಿಗೆ ಬಂದದ್ದು ಒಬ್ಬ ರೋಗಿಯಿಂದ. ವರದಿಯಲ್ಲಿ ಅವರ ಹೆಸರು ಬರೀ ಎಂಎಕ್ಸ್. 65 ವರ್ಷದವರು, ಹೃದಯಕ್ಕೆ ಒಂದು ಚಿಕಿತ್ಸೆ ಆದ ಮೇಲೆ ಮನಸ್ಸಿನೊಳಗಿನ ಚಿತ್ರಗಳೆಲ್ಲ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟವು. ಮುಂಚೆ ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಕೆಲಸದಿಂದ ಅವರು ನಿವೃತ್ತ ಬಿಲ್ಡಿಂಗ್ ಸರ್ವೇಯರ್, ಹೆಚ್ಚುಕಡಿಮೆ ನಿಮ್ಮ ಕಸುಬೇ! ಹುಲ್ಲಿನ ಹಸಿರು ಗಾಢವೋ ಪೈನ್ ಮರದ ಹಸಿರು ಗಾಢವೋ ಅಂತ ಕೇಳಿದರೆ ಸರಿಯಾಗಿ ಹೇಳುತ್ತಿದ್ದರು. ಹೇಗೆ ಗೊತ್ತು ಅಂದರೆ, ಗೊತ್ತು ಅಷ್ಟೇ.

ಎಂಎಕ್ಸ್‌ಗೆ ಇನ್ನೊಂದು ಪರೀಕ್ಷೆ ಕೊಟ್ಟರು. ಅದು 1971ರಲ್ಲಿ ಶೆಪರ್ಡ್ ಮತ್ತು ಮೆಟ್ಝ್ಲರ್ ಮಾಡಿದ ಹೆಸರಾಂತ ಪ್ರಯೋಗದ ತರಹದ್ದು. ಸಣ್ಣ ಘನಾಕೃತಿಗಳನ್ನು ಜೋಡಿಸಿದ ಎರಡು ಆಕಾರ ತೋರಿಸುತ್ತಾರೆ, ಒಂದನ್ನು ತಿರುಗಿಸಿದರೆ ಇನ್ನೊಂದು ಆಗುತ್ತದಾ ಅಂತ ಹೇಳಬೇಕು. ಸಾಮಾನ್ಯ ಜನರಿಗೆ ತಿರುಗಿಸಬೇಕಾದ ಕೋನ ಹೆಚ್ಚಿದಷ್ಟೂ ಉತ್ತರ ಕೊಡಲು ಹಿಡಿಯುವ ಸಮಯವೂ ಒಂದೇ ಲೆಕ್ಕದಲ್ಲಿ ಹೆಚ್ಚುತ್ತಾ ಹೋಗುತ್ತದೆ, ಕೈಯಲ್ಲಿ ವಸ್ತುವನ್ನು ನಿಧಾನಕ್ಕೆ ತಿರುಗಿಸಿ ನೋಡಿದ ಹಾಗೆ. ಎಂಎಕ್ಸ್ ಉತ್ತರ ಸರಿ ಕೊಟ್ಟರು, ಆದರೆ ಅವರ ಸಮಯ ಕೋನದ ಜೊತೆ ಹಾಗೆ ಏರಲಿಲ್ಲ. ಅಂದರೆ ಅದೇ ಊರು ತಲುಪಿದರು, ಹೋದ ದಾರಿ ಬೇರೆ.

ಈಗ ಸಿಡುಕಪ್ಪನವರಿಗೆ. ಬಾಯಿಮಾತು ನಂಬುವುದು ಬೇಡ ಸರಿ. ಕಣ್ಣಿನ ಪಾಪೆ ಸುಳ್ಳು ಹೇಳುವುದಿಲ್ಲವಲ್ಲ? ಬೆಳಕು ನೋಡಿದರೆ ಪಾಪೆ ಕಿರಿದಾಗುತ್ತದೆ. ಮನಸ್ಸಿನಲ್ಲಿ ಬೆಳ್ಳಗಿನ ಆಕಾರ ಕಲ್ಪಿಸಿಕೊಂಡರೂ ಸಾಮಾನ್ಯ ಜನರಲ್ಲಿ ಅದು ಕಿರಿದಾಗುತ್ತದೆ. 2022ರಲ್ಲಿ ಆಸ್ಟ್ರೇಲಿಯಾದ ಜೋಯೆಲ್ ಪಿಯರ್ಸನ್ ತಂಡ ಅಫ್ಯಾಂಟೇಸಿಯಾ ಇರುವವರ ಮೇಲೆ ಇದನ್ನು ನೋಡಿದಾಗ, ನಿಜವಾದ ಬೆಳಕಿಗೆ ಪಾಪೆ ಸರಿಯಾಗಿ ಸ್ಪಂದಿಸಿತು, ಕಲ್ಪನೆಯ ಬೆಳಕಿಗೆ ಅಲುಗಲಿಲ್ಲ. ಇದು ಬರೀ ಹೇಳುವ ರೀತಿಯ ವ್ಯತ್ಯಾಸ ಆಗಿದ್ದರೆ ಹೀಗೆ ಆಗಬಾರದಿತ್ತು.

ಇನ್ನು ಮೆಟ್ಟಿಲು, ಬೀಮ್ ವಿಷಯ. 2021ರಲ್ಲಿ ವಿಲ್ಮಾ ಬೇನ್‌ಬ್ರಿಜ್ ಮತ್ತು ಜೊತೆಗಾರರು ಜನರಿಗೆ ಕೋಣೆಯ ಫೋಟೋ ತೋರಿಸಿ ಆಮೇಲೆ ನೆನಪಿನಿಂದ ಬರೆಯಿರಿ ಅಂದರು. ಅಫ್ಯಾಂಟೇಸಿಯಾ ಇರುವವರು ಕಡಿಮೆ ವಸ್ತು ಬರೆದರು, ಬಣ್ಣವೂ ಕಡಿಮೆ. ಆದರೆ ಬರೆದ ವಸ್ತು ಎಲ್ಲಿರಬೇಕೋ ಅಲ್ಲಿ, ಎಷ್ಟು ದೊಡ್ಡದಿರಬೇಕೋ ಅಷ್ಟೇ ಇತ್ತು. ಇಲ್ಲದ್ದನ್ನು ಸೇರಿಸಿದ್ದೂ ಅವರಲ್ಲಿ ಕಡಿಮೆ. ನಿಮಗೆ ಮನೆಯ ಬಣ್ಣ ಕಾಣುವುದಿಲ್ಲ, ಮನೆಯ ಅಳತೆ ಕೂತಿದೆ. ನಿಮ್ಮ ಕೆಲಸಕ್ಕೆ ಬೇಕಾದದ್ದು ಅದೇ ಅಲ್ವಾ.

ಚುಕ್ಕಿಗೊಂದು_ಗೆರೆ

ನಾನು ಇದರ ಪೂರ್ತಿ ಉಲ್ಟಾ. ನನಗೆ ಚಿತ್ರ ಇಲ್ಲದೆ ಒಂದು ಹೆಜ್ಜೆಯೂ ಆಗುವುದಿಲ್ಲ. ಬಾಗಿಲಿಗೆ ನೀರು ಹಾಕುವಾಗಲೇ ಇವತ್ತಿನ ರಂಗೋಲಿ ನೆಲದ ಮೇಲೆ ಬಿದ್ದಿರುವ ಹಾಗೆ ಕಾಣುತ್ತದೆ, 15 ಚುಕ್ಕಿಯಿಂದ 8ಕ್ಕೆ ಇಳಿಯುವುದು ಅಂದರೆ ಪೂರ್ತಿ ತಾವರೆ ಎದ್ದು ನಿಂತ ಹಾಗೆ. ನಾನು ಅದರ ಮೇಲೆ ಪುಡಿ ಬಿಡುತ್ತಾ ಹೋಗುವುದಷ್ಟೇ.

ಆದರೆ ಖಾಲಿ ಸ್ಲೇಟು ಅವರೇ, ಇದು ವರ ಅಂತ ತಿಳಿಯಬೇಡಿ. ಹತ್ತು ವರ್ಷದ ಹಿಂದೆ ರಸ್ತೆಯಲ್ಲಿ ಒಂದು ಅಪಘಾತ ನೋಡಿದೆ. ಇವತ್ತಿಗೂ ಸಾರಿಗೆ ಒಗ್ಗರಣೆ ಹಾಕುತ್ತಿರುವಾಗ ಕರೆಯದೆ ಬಂದು ನಿಲ್ಲುತ್ತದೆ. ನಿಮಗೆ ಆ ಕಾಟ ಇಲ್ಲ.

ಇನ್ನೊಂದು. ನಮಗೆ ಕಾಣುವುದೆಲ್ಲ ಸರಿಯಾಗಿಯೇ ಕಾಣುತ್ತದೆ ಅಂತಲೂ ಇಲ್ಲ. ವಿಧಾನಸೌಧ ನೆನೆಸಿಕೊಳ್ಳಿ ಅಂದರೆ ನನಗೆ ಗುಮ್ಮಟ, ಮೆಟ್ಟಿಲು, ಮೇಲಿನ ಸಿಂಹ ಎಲ್ಲ ಕಾಣುತ್ತದೆ. ಮುಂದಿನ ಕಂಬ ಎಣಿಸು ಅಂದ ನನ್ನ ತಮ್ಮ. ಎಣಿಸಿದರೆ ಒಂದು ಸಲ ಎಂಟು, ಇನ್ನೊಂದು ಸಲ ಹತ್ತು. ನಿಜಕ್ಕೂ ಇರುವುದು ಹನ್ನೆರಡು. ಅಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರೆ ಎಣಿಸಲು ಏನು ರೋಗ?

ಪಾಠದ_ಮೇಷ್ಟ್ರು

ಮೇಡಂ, ಹೆಚ್ಚುಕಡಿಮೆ ಇದನ್ನೇ ಅಲೇನ್ ಎಂಬ ಫ್ರೆಂಚ್ ತತ್ವಜ್ಞಾನಿ ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದ ಕಂಬ ಇಟ್ಟುಕೊಂಡು ಕೇಳಿದ್ದ. ನೀವು ಸೈಕಲ್ಲನ್ನೂ ಬರೆದು ನೋಡಿ. ದಿನಾ ನೋಡುವ ವಸ್ತು, ಕಣ್ಣು ಮುಚ್ಚಿದರೆ ಕಾಣುತ್ತದೆ, ಆದರೆ ಬರೆಯಿರಿ ಅಂದರೆ ಎಷ್ಟೋ ಜನ ಚೈನನ್ನು ಮುಂದಿನ ಚಕ್ರಕ್ಕೂ ಸುತ್ತಿಬಿಡುತ್ತಾರೆ. 2006ರಲ್ಲಿ ಬ್ರಿಟನ್ನಿನ ರೆಬೆಕಾ ಲಾಸನ್ ಇದನ್ನೇ ಪರೀಕ್ಷೆ ಮಾಡಿ ಬರೆದಿದ್ದಾರೆ. ಹಾಗೆ ಸುತ್ತಿದರೆ ಹ್ಯಾಂಡಲ್ ತಿರುಗುವುದೇ ಇಲ್ಲ!

ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ. ಮನಶ್ಶಾಸ್ತ್ರಜ್ಞ ಸ್ಟೀಫನ್ ಕಾಸ್ಲಿನ್ ಕಡೆಯವರು ತಲೆಯಲ್ಲಿ ನಿಜಕ್ಕೂ ಚಿತ್ರದಂಥದ್ದು ಇದೆ ಅಂದರು. ಝೆನನ್ ಪಿಲಿಶಿನ್ 1973ರಲ್ಲೇ, ಇಲ್ಲ, ಒಳಗಿರುವುದು ವರ್ಣನೆಯಂಥ ವಿವರ, ಚಿತ್ರ ಅನ್ನಿಸುವುದು ಮೇಲಿನ ಲೇಪ ಅಂದರು. ಪಿಲಿಶಿನ್ ಮನಶ್ಶಾಸ್ತ್ರದ ಜೊತೆಗೆ ಕಂಪ್ಯೂಟರ್ ವಿಜ್ಞಾನದಲ್ಲೂ ಪ್ರಾಧ್ಯಾಪಕರಾಗಿದ್ದವರು ಅನ್ನುವುದನ್ನೂ ಮರೆಯಬಾರದು.

ಉಳಿ_ಸುತ್ತಿಗೆ

ನಾನು ಸಾಗರದ ಕಡೆಯವನು, ಮನೆಯಲ್ಲಿ ತಲೆಮಾರಿನಿಂದ ಗಂಧದ ಕೆತ್ತನೆ. ನನಗೆ ಹೊಳೆದದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ನಮ್ಮ ಕೆಲಸದಲ್ಲಿ ದೇವರ ರೂಪಕ್ಕೆ ಧ್ಯಾನಶ್ಲೋಕ ಇರುತ್ತದೆ. ಎಷ್ಟು ಕೈ, ಯಾವ ಕೈಯಲ್ಲಿ ಏನು, ಕೂತಿರುವುದೋ ನಿಂತಿರುವುದೋ, ವಾಹನ ಯಾವುದು. ಅದರ ಮೇಲೆ ತಾಳದ ಲೆಕ್ಕ. ಮುಖದ ಉದ್ದ ಒಂದು ತಾಳ, ನವತಾಳದ ಮೂರ್ತಿ ಅಂದರೆ ಒಂಬತ್ತು ಮುಖದ ಎತ್ತರ. ಜನ ಬಂದು "ಮರದೊಳಗೆ ಮೊದಲೇ ದೇವರು ಕಂಡಿದ್ದರಾ" ಅಂತ ಕೇಳುತ್ತಾರೆ. ಕೇಳಲು ಚಂದ. ನನಗೆ ಕಂಡಿದ್ದೇನೂ ಇಲ್ಲ. ಶ್ಲೋಕ ಇದೆ, ಅಳತೆ ಇದೆ, ಗೆರೆ ಹಾಕುತ್ತೇನೆ, ಮಿಕ್ಕಿದ್ದು ಕೈಗೆ ಗೊತ್ತು. ಉಳಿ ಎಷ್ಟು ಓರೆ ಹಿಡಿದರೆ ಕಣ್ಣರೆಪ್ಪೆ ಏಳುತ್ತದೆ ಅನ್ನುವುದು ನನ್ನ ತಲೆಯಲ್ಲಿ ಚಿತ್ರವಾಗಿ ಇಲ್ಲ, ಪದವಾಗಿಯೂ ಇಲ್ಲ. ಮಣಿಕಟ್ಟಿನಲ್ಲಿದೆ.

ಚಿಕ್ಕಪ್ಪ ಬೇರೆ ತರಹ. ಮರ ಮುಟ್ಟುವ ಮುಂಚೆ ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದರು. ಅವರಿಗೆ ಕಾಣುತ್ತಿತ್ತಂತೆ. ಇಬ್ಬರ ಗಣಪತಿಯನ್ನೂ ಪಕ್ಕದಲ್ಲಿಟ್ಟರೆ ಯಾರದು ಯಾವುದು ಅಂತ ಗಿರಾಕಿ ಹೇಳಲಾರ.

ಪಾಠದ_ಮೇಷ್ಟ್ರು

ಉಳಿ ಸುತ್ತಿಗೆ ಅವರೇ, ಬಹಳ ಒಳ್ಳೆಯ ಮಾತು. ಐನ್‌ಸ್ಟೈನ್ 1945ರ ಸುಮಾರಿಗೆ ಗಣಿತಜ್ಞ ಹಡಮಾರ್‌ಗೆ ಬರೆದ ಪತ್ರದಲ್ಲಿ, ತನ್ನ ಯೋಚನೆಯಲ್ಲಿ ಪದಗಳಿಗೆ ಪಾತ್ರವೇ ಇಲ್ಲ, ಇರುವುದು ನೋಟದಂಥ ಮತ್ತು ಕೆಲವು ಸ್ನಾಯುವಿನಂಥ ಸಂಗತಿ ಅಂತ ಹೇಳಿದ್ದ. ಎಲ್ಲರೂ ಮೊದಲನೆಯದನ್ನು ಹಿಡಿದುಕೊಂಡು "ಐನ್‌ಸ್ಟೈನ್ ಚಿತ್ರದಲ್ಲಿ ಯೋಚಿಸುತ್ತಿದ್ದ" ಅನ್ನುತ್ತಾರೆ, ಸ್ನಾಯುವನ್ನು ಬಿಟ್ಟುಬಿಡುತ್ತಾರೆ. ಹುಟ್ಟುಕುರುಡರೂ ಮುಟ್ಟಿ ತಿಳಿದ ಆಕಾರವನ್ನು ಮನಸ್ಸಿನಲ್ಲಿ ತಿರುಗಿಸಬಲ್ಲರು, 1976ರಲ್ಲೇ ಅದನ್ನು ತೋರಿಸಿದ್ದಾರೆ. ಅವರಲ್ಲೂ ಕೋನ ಹೆಚ್ಚಾದರೆ ಸಮಯ ಹೆಚ್ಚು.

ಕೋಡ್_ಕುಟ್ಟಿ

ಎರಡನೇ ಪ್ರಶ್ನೆ ಯಾರೂ ಮುಟ್ಟಿಲ್ಲ, ನಾನು ನೋಡುತ್ತೇನೆ. ಹೊಟ್ಟೆಪಾಡು ಇದೇ.

ಉಳಿ ಸುತ್ತಿಗೆ ಅವರ ಧ್ಯಾನಶ್ಲೋಕ ಓದಿ ನಕ್ಕುಬಿಟ್ಟೆ, ಅದು ಅಚ್ಚು ನಾವು ಎಐಗೆ ಕೊಡುವ ಪ್ರಾಂಪ್ಟ್, ಅಂದರೆ ಏನು ಬೇಕು ಅಂತ ಬರೆದುಕೊಡುವ ವಾಕ್ಯದ ತರಹವೇ ಇದೆ. ಆದರೆ ಒಳಗೆ ನಡೆಯುವುದು ಬೇರೆ. ಚಿತ್ರ ಬರೆಯುವ ಎಐ ಮಾಡೆಲ್‌ಗಳಲ್ಲಿ (ಕಲಿಸಿ ತಯಾರು ಮಾಡಿದ ಪ್ರೋಗ್ರಾಂಗಳಲ್ಲಿ) ಹೆಚ್ಚಿನವು ಡಿಫ್ಯೂಷನ್ ಅನ್ನುವ ವಿಧಾನದವು. ಹಳೆಯ ಟಿವಿಯಲ್ಲಿ ಚಾನಲ್ ಬರದಿದ್ದಾಗ ಇರುವೆ ಹರಿದ ಹಾಗೆ ಕಾಣುತ್ತಿತ್ತಲ್ಲ, ಅಂಥ ಗದ್ದಲದಿಂದ ಶುರು ಮಾಡಿ, ನೀವು ಕೊಟ್ಟ ವಾಕ್ಯಕ್ಕೆ ಹೊಂದುವ ಹಾಗೆ ಹಂತಹಂತವಾಗಿ ಗದ್ದಲ ತೆಗೆಯುತ್ತಾ ಹೋಗುತ್ತದೆ. ವಾಕ್ಯಕ್ಕೂ ಚಿತ್ರಕ್ಕೂ ನಂಟು ಕಲಿಸಿದ್ದು ಇಂಟರ್ನೆಟ್ಟಿನ ಚಿತ್ರ ಮತ್ತು ಅದರ ಅಡಿಬರಹ. ಓಪನ್‌ಎಐ ಕಂಪನಿ 2021ರಲ್ಲಿ ಹೊರತಂದ ಕ್ಲಿಪ್ ಅನ್ನುವ ಮಾಡೆಲ್‌ಗೆ ಅಂಥ 40 ಕೋಟಿ ಜೋಡಿ ತಿನ್ನಿಸಿದ್ದರು. ಹಾಗಾಗಿ ಸೇಬು ಬರೆ ಅಂದರೆ ಮಗಳಿಗೆ ಕಂಡ ಸ್ಟಿಕ್ಕರ್ ಸಮೇತ ಬರೆಯಬಹುದು. ಗಡಿಯಾರ ಬರೆ, ಮೂರೂವರೆ ತೋರಿಸು ಅಂದರೆ ಮಾತ್ರ ಎಷ್ಟೋ ಮಾಡೆಲ್‌ಗಳು ಬಹಳ ಕಾಲ 10 ಗಂಟೆ 10 ನಿಮಿಷವನ್ನೇ ಬರೆಯುತ್ತಿದ್ದವು, ಯಾಕೆಂದರೆ ವಾಚಿನ ಜಾಹೀರಾತುಗಳಲ್ಲಿ ಮುಳ್ಳು ಇರುವುದೇ ಹಾಗೆ. ಬರೆದದ್ದನ್ನು ತಾನೇ ನೋಡಿ "ಅಯ್ಯೋ ತಪ್ಪಾಯಿತು" ಅನ್ನುವ ಕಣ್ಣು ಆ ಯಂತ್ರಕ್ಕೆ ಇರಲಿಲ್ಲ. ಬರೆಯುವ ಕೈ ಒಂದು ಕಡೆ, ಯೋಚಿಸುವ ತಲೆ ಇನ್ನೊಂದು ಕಡೆ.

ಇನ್ನು ಬರೀ ಪದದ ಮಾಡೆಲ್. ನಿಮ್ಮ ಆಫೀಸಿನ ಹುಡುಗ ಹೇಳಿದ್ದು ಅರ್ಧ ಸರಿ. ಚಿತ್ರ ಇಲ್ಲ, ನಿಜ. ಆದರೆ ಒಳಗೆ ಪದ ಬಿಟ್ಟರೆ ಇನ್ನೇನೂ ಇಲ್ಲ ಅನ್ನುವುದು ತಪ್ಪು. ನನಗೆ ಬಹಳ ಇಷ್ಟವಾದ ಪ್ರಯೋಗ ಒಂದಿದೆ. ಒಥೆಲೋ ಅಂತ 8 ಅಡ್ಡ 8 ಉದ್ದದ ಮನೆಗಳ ಹಲಗೆಯ ಮೇಲೆ ಕಪ್ಪು ಬಿಳಿ ಕಾಯಿ ಇಡುವ ಆಟ. ಒಂದು ಪುಟ್ಟ ಮಾಡೆಲ್‌ಗೆ ಹಲಗೆಯನ್ನು ತೋರಿಸಲೇ ಇಲ್ಲ, ನಿಯಮವನ್ನೂ ಹೇಳಲಿಲ್ಲ. ಆಟಗಳ ನಡೆಗಳನ್ನು ಮಾತ್ರ ಕೊಟ್ಟರು, ಮೊದಲು ಈ ಮನೆ, ಆಮೇಲೆ ಆ ಮನೆ, ಹೀಗೆ ಸಾಲುಸಾಲು ಹೆಸರು. ಅದು ಮುಂದಿನ ನಡೆ ಊಹಿಸುವುದನ್ನು ಕಲಿಯಿತು. ಆಮೇಲೆ ಬಿಚ್ಚಿ ನೋಡಿದರೆ ಒಳಗೆ ಯಾವ ಮನೆಯಲ್ಲಿ ಯಾವ ಕಾಯಿ ಇದೆ ಅನ್ನುವ ಲೆಕ್ಕ ತಾನೇ ಕಟ್ಟಿಕೊಂಡಿತ್ತು. ಆ ಲೆಕ್ಕದಲ್ಲಿ ಒಂದು ಕಾಯಿಯನ್ನು ಇವರು ಬದಲಿಸಿದರೆ, ಅದರ ಮುಂದಿನ ನಡೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ಇದು 2022ರ ಕೆಲಸ. ಹಲಗೆಯನ್ನು ಎಂದೂ ಕಾಣದ ಯಂತ್ರದೊಳಗೆ ಹಲಗೆಯ ನಕ್ಷೆ! ಖಾಲಿ ಸ್ಲೇಟು ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಮೇಷ್ಟ್ರು ಹೇಳಿದ ನಿಮ್ಮ ಕಥೆ ನನಗೆ ಇದೇ ಅನ್ನಿಸಿತು.

ಆದರೆ ಅತಿಯಾಗಿ ಹೊಗಳುವುದೂ ಬೇಡ. ಇಂಗ್ಲಿಷಿನ ದೊಡ್ಡ ಡಿ ಅಕ್ಷರವನ್ನು ಎಡಕ್ಕೆ ಕಾಲು ಸುತ್ತು ಮಲಗಿಸಿ, ಅದರ ಕೆಳಗೆ ಜೆ ಅಕ್ಷರ ಇಟ್ಟರೆ ಏನಾಗುತ್ತದೆ? (ಉತ್ತರ ಹೇಳುವುದಿಲ್ಲ, ನೀವೇ ಮಾಡಿ.) ಇದು 1980ರ ದಶಕದ ಮನಶ್ಶಾಸ್ತ್ರದ ಪ್ರಯೋಗದ್ದು, ಬರಹಗಳಲ್ಲಿ ಎಲ್ಲ ಕಡೆ ಇದೆ, ಹಾಗಾಗಿ ಎಐ ಥಟ್ಟನೆ ಹೇಳುತ್ತದೆ. ನಮ್ಮ ಕನ್ನಡದ ಠ ಎರಡನ್ನು ಅಕ್ಕಪಕ್ಕ ಇಟ್ಟು ನಡುವೆ ಗೆರೆ ಎಳೆದರೆ ಏನು ಅಂದರೂ ಹೇಳುತ್ತದೆ, ಆ ಗುರಾಯಿಸುವ ಮುಖ ಲೋಕಪ್ರಸಿದ್ಧ, ಕನ್ನಡದ ಕ ಗೊತ್ತಿಲ್ಲದವರೂ ಬಳಸುತ್ತಾರೆ: ಠ_ಠ. ಆದರೆ ನೀವೇ ಹೊಸದಾಗಿ ಒಂದು ಒಗಟು ಮಾಡಿ ಕೊಟ್ಟರೆ ನಾನು ನೋಡಿದ ಮಟ್ಟಿಗೆ ಜಾಸ್ತಿ ಎಡವುತ್ತದೆ. ಅದಕ್ಕೇ ಈಗ ಮಾಡೆಲ್‌ಗಳಿಗೆ ಯೋಚಿಸುವಾಗಲೇ ಚಿತ್ರದ ಮೇಲೆ ಕೈಯಾಡಿಸಲು ಬಿಡುತ್ತಿದ್ದಾರೆ. 2025ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಐನ ಓ3 ಅನ್ನುವ ಮಾಡೆಲ್ ಹಾಗೆ, ಕೊಟ್ಟ ಫೋಟೋವನ್ನು ಕತ್ತರಿಸಿ, ಹಿಗ್ಗಿಸಿ, ತಿರುಗಿಸಿ ನೋಡಿ ಉತ್ತರ ಕೊಡುತ್ತದೆ. ಅದು ಮನಸ್ಸಿನ ಕಣ್ಣಲ್ಲ, ಕಾಗದ ಪೆನ್ಸಿಲ್ ಕೊಟ್ಟ ಹಾಗೆ. ನಾವೂ ತಲೆಯಲ್ಲಿ ಹಿಡಿಸದಿದ್ದಾಗ ಮಾಡುವುದು ಅದನ್ನೇ.

ಎಐಗೆ ಒಳಗೆ "ಕಾಣುತ್ತದಾ" ಅನ್ನುವ ಪ್ರಶ್ನೆಗೆ ನನ್ನ ಉತ್ತರ, ಇಲ್ಲ. ಇದು ನನ್ನ ಅಭಿಪ್ರಾಯ. ನಮ್ಮ ಆಫೀಸಿನಲ್ಲೇ ಬೇರೆ ಹೇಳುವವರು ಇದ್ದಾರೆ.

ಮಣಿ_ಟೀಚರ್

ನಾನು ಅಬಾಕಸ್ ಹೇಳಿಕೊಡುತ್ತೇನೆ. ಮಕ್ಕಳು ಮಣಿ ಚೌಕಟ್ಟು ಇಲ್ಲದೆ ಗಾಳಿಯಲ್ಲಿ ಬೆರಳು ಆಡಿಸಿಕೊಂಡು ಲೆಕ್ಕ ಕೂಡುತ್ತಾರೆ, ನೋಡಿದವರು ನಗುತ್ತಾರೆ. ಗುಜರಾತಿನ ಮಕ್ಕಳ ಮೇಲೆ 2012ರಲ್ಲಿ ಫ್ರಾಂಕ್ ಮತ್ತು ಬಾರ್ನರ್ ಅನ್ನುವವರ ಅಧ್ಯಯನ ಬಂದಿದೆ. ಮಕ್ಕಳು ಅಂಕಿಯನ್ನು ಪದವಾಗಿ ಅಲ್ಲ, ಮಣಿಯ ಕಂಬಗಳಾಗಿ ಮನಸ್ಸಿನಲ್ಲಿ ಹಿಡಿಯುತ್ತಾರೆ, ಅದೂ ಒಂದೇ ಸಲಕ್ಕೆ ಮೂರು ನಾಲ್ಕು ಕಂಬಕ್ಕಿಂತ ಹೆಚ್ಚು ಹಿಡಿಯುವುದು ಕಷ್ಟ ಅಂತ. ನನ್ನ ಕ್ಲಾಸಿನಲ್ಲೂ ಅಷ್ಟೇ, ನಾಲ್ಕಂಕಿ ದಾಟಿದರೆ ತಡವರಿಸುತ್ತಾರೆ. ಬೆರಳು ಕಟ್ಟಿಕೊಂಡು ಕೂರಿ ಅಂದರೆ ಇನ್ನೂ ತಡವರಿಸುತ್ತಾರೆ. ಉಳಿ ಸುತ್ತಿಗೆ ಅವರ ಮಣಿಕಟ್ಟು ನೆನಪಾಯಿತು.

ಸಿಡುಕಪ್ಪ

ಪಾಪೆಯ ವಿಷಯ ಗೊತ್ತಿರಲಿಲ್ಲ. ಸರಿ, ಒಪ್ಪಿದೆ. ಆದರೆ ಸೇಬಿನಲ್ಲಿ ಸ್ಟಿಕ್ಕರ್ ಕಾಣುವುದು ಸ್ವಲ್ಪ ಜಾಸ್ತಿ ಆಯಿತು.

ಅಂದ ಹಾಗೆ ಸೈಕಲ್ ಬರೆದು ನೋಡಿದೆ. ಪೆಡಲ್ಲನ್ನು ಹಿಂದಿನ ಚಕ್ರದ ನಡುವಿಗೆ ಇಟ್ಟುಬಿಟ್ಟಿದ್ದೆ. ನಾನು ಹೈಸ್ಕೂಲಿಗೆ ಮೂರು ವರ್ಷ ಸೈಕಲ್ಲಿನಲ್ಲೇ ಹೋದವನು.

ಖಾಲಿ_ಸ್ಲೇಟು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಡಿ, ಜೆ ಒಗಟು ಕೇಳಿದೆ. ಮಗಳು ನಾನು ಹೇಳಿ ಮುಗಿಸುವ ಮುಂಚೆ "ಕೊಡೆ" ಅಂದಳು. ನಾನು ಬೆಳಿಗ್ಗೆಯೇ ಮಾಡಿದ್ದೆ. ಚಪ್ಪಟೆ ಭಾಗ ಕೆಳಗೆ ಬಂತು, ಉಬ್ಬು ಮೇಲೆ ಹೋಯಿತು, ನಡುವಿನಿಂದ ಕೋಲು ಇಳಿದು ತುದಿಯಲ್ಲಿ ಕೊಕ್ಕೆ, ಅಂದರೆ ಕೊಡೆ. ಅವಳಿಗಿಂತ ಜಾಸ್ತಿ ಹೊತ್ತು ಹಿಡಿಯಿತು, ಏನೂ ಕಾಣಲಿಲ್ಲ, ಉತ್ತರ ಸಿಕ್ಕಿತು. ಒಥೆಲೋ ಯಂತ್ರದ ಜೊತೆ ಹೋಲಿಸಿದ್ದಕ್ಕೆ ಬೇಜಾರಿಲ್ಲ ಸರ್, ಆಫೀಸಿನ ಹುಡುಗನಿಗೂ ಕಳಿಸಿದೆ. ಅವನು ಠ_ಠ ಅಂತ ಮಾತ್ರ ಉತ್ತರ ಹಾಕಿದ್ದಾನೆ.

ಮೇಷ್ಟ್ರು "ಇಲ್ಲದ್ದನ್ನು ಸೇರಿಸಿದ್ದೂ ಕಡಿಮೆ" ಅಂದಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ಗೃಹಪ್ರವೇಶದ ಆಲ್ಬಮ್ ತೆಗೆಸಿದೆ. ಅಮ್ಮ ಉಟ್ಟಿದ್ದು ಹಸಿರು ಸೀರೆ ಅಲ್ಲ, ಕುಂಕುಮದ ಬಣ್ಣದ್ದು. ಹಸಿರು ಉಟ್ಟಿದ್ದು ನನ್ನ ಅತ್ತಿಗೆ. ಹೆಂಡತಿ ನಂಬಲಿಲ್ಲ, ಫೋಟೋ ತಿರುಗಿಸಿ ತಿರುಗಿಸಿ ನೋಡಿದಳು, ಈಗಲೂ ಅವಳಿಗೆ ಕಣ್ಣು ಮುಚ್ಚಿದರೆ ಹಸಿರೇ ಬರುತ್ತದಂತೆ. ಆ ಫೋಟೋ ಒಂದು ಪ್ರಿಂಟ್ ಹಾಕಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಮಗಳು ಈಗ ಮನೆಗೆ ಬಂದವರಿಗೆಲ್ಲ ಸೇಬಿನ ಪ್ರಶ್ನೆ ಕೇಳುತ್ತಿದ್ದಾಳೆ. ಎದುರುಮನೆ ಅಜ್ಜಿ "ನೆನೆಸಿಕೊಳ್ಳೋದು ಯಾಕೆ ಪುಟ್ಟಿ, ಇದ್ದರೆ ಒಂದು ಕೊಡು" ಅಂದರಂತೆ.